ಕೂಸಿಗೆ ಮುಂಚಿನ ಕುಲಾವಿ

ವಸ್ತುಗಳು ಹಳೆಯವಾಗುವುದು ಎರಡು ತೆರನಾಗಿ. ಬಳಸಿ ಬಳಸಿ ಸವೆದು ಹಳೆಯದಾಗುವುದು ಒಂದು ಬಗೆ; ಒಕ್ಕಲಿಗನ ನೇಗಿಲ ಕುಳ, ಅಡಿಗೆಮನೆಯ ಈಳಿಗೆಮಣೆ, ಮೇಷ್ಟರ ಚಪ್ಪಲಿ ಇವೆಲ್ಲ ಆ ಜಾತಿಗೆ ಸೇರಿದುವು. ತಾನು ಇದ್ದ ಹಾಗೆಯೇ ಇದ್ದು, ಸುತ್ತಣ ಲೋಕವು ಮುಂದೆ ಸರಿದುದರಿಂದ ಹಳೆಯದಾಗುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಕಾಲನಿರ್ಣಯ ಸುಲಭ. ಅಟ್ಟೆ ಹರಿದು ಕಾಲಿಗೆ ಮುಳ್ಳು ಚುಚ್ಚಿದ ದಿನ ನಾವು ಹೊಸ ಚಪ್ಪಲಿ ಕೊಳ್ಳುತ್ತೇವೆ. ಎರಡನೆಯದರಲ್ಲಿ ಚುಚ್ಚುವ ಮುಳ್ಳಿಲ್ಲ. ನಿನ್ನೆಯಷ್ಟೇ ಚೆನ್ನಾಗಿ ಇಂದೂ ನಡೆಯುತ್ತಿರುವ ಪದಾರ್ಥವನ್ನು ನೋಡಿ ಮನಸ್ಸು ಮಾತ್ರ “ಇದು ಹಳೆಯದಾಯಿತು” ಎನ್ನುತ್ತದೆ. ಆ ಮಾತು ನಿಜವಾದ ಅವಶ್ಯಕತೆಯ ಮಾತೋ ಬರಿಯ ಆಸೆಯ ಮಾತೋ ಎಂದು ತಿಳಿಯುವುದು ಹೇಗೆ? ಯಾವ ದಿನ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು?

ಈ ಪ್ರಶ್ನೆಯನ್ನು ನಾನು ಎತ್ತಿಕೊಂಡುದು ನಮ್ಮ ಮನೆಯ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ದೆಸೆಯಿಂದ. ಪಾಠಶಾಲೆಯಲ್ಲಿ ಅಮರಕೋಶವನ್ನೂ ರಘುವಂಶವನ್ನೂ ಹೇಳಿಸಿಕೊಂಡು, ಬಹುಕಾಲ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಕಲಿಸಿ, ಈಗ ಕಡಕೊಳದಲ್ಲಿ ಪಿಂಚಣಿಯ ಮೇಲೆ ಕಾಲ ಕಳೆಯುತ್ತಿರುವ ಮೇಷ್ಟರಿಗೆ ಇದೆಂತಹ ವಿಷಯ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಈಗ ವಿದ್ಯಾವಂತರ ಮನೆಗಳಲ್ಲಿ ಹದಿಹರೆಯದ ಹುಡುಗನೋ ಹುಡುಗಿಯೋ ಇದ್ದರೆ, ಮದುವೆ ಮುಂಜಿಗಳ ಮಾತಿಗೆ ಸಮನಾಗಿ ಇಂತಹ ಯಂತ್ರಗಳ ಮಾತೂ ಊಟದ ಹೊತ್ತಿನಲ್ಲಿ ಬರುತ್ತದೆ. ತಿಳಿಯದೆ “ಬೇಡ” ಎನ್ನುವ ಹಿರಿಯರೂ, ತಿಳಿಯದೆ “ತೆಗೆದುಕೋ” ಎನ್ನುವ ಹಿರಿಯರೂ ಮಕ್ಕಳಿಗೆ ಸಮಾನವಾಗಿ ನಿರುಪಯೋಗಿಗಳು. ಆದುದರಿಂದ ನಾನು ಮೊದಲು ತಿಳಿದುಕೊಂಡೆ. ತಿಳಿದುಕೊಂಡುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವವನು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಅವನಿಗೆ ಒಂದು ಕಂಪ್ಯೂಟರು ಬಂದಿತು. ಅದರಲ್ಲಿರುವುದು ಜಿಟಿಎಕ್ಸ್ 1650 ಎಂಬ ಕಾರ್ಡು. ಎನ್‌ವಿಡಿಯಾ ಸಂಸ್ಥೆಯು ಅದನ್ನು ಹೊರತಂದುದು 2019ರ ಏಪ್ರಿಲಿನಲ್ಲಿ. 2025ರ ಡಿಸೆಂಬರ್ ತಿಂಗಳಲ್ಲಿ ಹುಡುಗನು ಅದನ್ನು ಬದಲಾಯಿಸಬೇಕೆಂದು ಪ್ರಸ್ತಾಪ ಎತ್ತಿದನು. ಅವನ ತಂದೆಯು, ಕೊಳ್ಳುವುದಾದರೆ ಹತ್ತು ವರ್ಷ ಬಾಳುವ ಬಹು ದೊಡ್ಡದನ್ನೇ ಒಮ್ಮೆಗೇ ಕೊಂಡುಬಿಡೋಣ ಎಂದನು. ತಾಯಿಯು ಪರೀಕ್ಷೆ ಮುಗಿಯಲಿ ಎಂದಳು. ಅಜ್ಜಿಗೆ ಆಟಕ್ಕೆ ಮೂವತ್ತು ಸಾವಿರವೆಂಬ ಮಾತೇ ಕಿವಿಗೆ ಹಿಡಿಸಲಿಲ್ಲ. ಕೊನೆಗೆ ಎಲ್ಲರೂ ಸೇರಿ, “ತಾತ ಹೇಳಿದಂತೆ ಆಗಲಿ” ಎಂದು ವ್ಯಾಜ್ಯವನ್ನು ನನ್ನ ಮುಂದೆ ಇಟ್ಟರು. ನ್ಯಾಯಾಧೀಶನಿಗೆ ಮೊದಲು ಬೇಕಾದುದು ವಸ್ತುಜ್ಞಾನವಷ್ಟೆ.

ಈ ಕಾರ್ಡು ಮಾಡುವ ಕೆಲಸವನ್ನು ನಾನು ಶಾಲೆಯ ಲೆಕ್ಕದಿಂದಲೇ ತಿಳಿದುಕೊಂಡೆ. ನಮ್ಮ ಮನೆಯ ಪರದೆಯು ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳ ಹಾಸು. ಒಟ್ಟು 20,73,600 ಚುಕ್ಕೆಗಳಾದುವು. ಆಟದೊಳಗಿನ ಕುದುರೆ ಕುಂಟದೆ ಓಡುವಂತೆ ಕಾಣಬೇಕಾದರೆ ಸೆಕೆಂಡಿಗೆ ಅರವತ್ತು ಸಲ ಇಡಿಯ ಚಿತ್ರವನ್ನು ಹೊಸದಾಗಿ ಬರೆಯಬೇಕು. ಎಂದರೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಲಕ್ಷಗಟ್ಟಲೆ, ಒಂದು ಸೆಕೆಂಡಿನಲ್ಲಿ 12,44,16,000 ಚುಕ್ಕೆಗಳಿಗೆ ಬಣ್ಣ ನಿಶ್ಚಯಿಸಬೇಕು. ಕಂಪ್ಯೂಟರಿನ ಮುಖ್ಯ ಮಿದುಳು ಒಬ್ಬ ಘನಪಾಠಿಯಿದ್ದಂತೆ. ಎಂತಹ ಕಠಿಣ ಗ್ರಂಥವನ್ನೂ ಬಿಡಿಸಬಲ್ಲನು, ಆದರೆ ಒಂದೊಂದೇ ಪಂಕ್ತಿಯಾಗಿ. ಗ್ರಾಫಿಕ್ಸ್ ಕಾರ್ಡಾದರೋ ಕೂಡುವುದು ಗುಣಿಸುವುದು ಮಾತ್ರ ಬಲ್ಲ ಹುಡುಗರಿಂದ ತುಂಬಿದ ಶಾಲೆ. ನಮ್ಮ 1650ರಲ್ಲಿ ಅಂತಹ ಲೆಕ್ಕಿಗರು 896 ಮಂದಿ. ಪ್ರತಿಯೊಬ್ಬನಿಗೂ ಒಂದು ಪಾಲು ಚುಕ್ಕೆಗಳನ್ನು ಹಂಚಿಕೊಟ್ಟರೆ ಎಲ್ಲರೂ ಏಕಕಾಲಕ್ಕೆ ಬರೆದು ಮುಗಿಸುತ್ತಾರೆ. ಹೊಸ ಕಾರ್ಡೆಂದರೆ ಹೆಚ್ಚು ಹುಡುಗರು, ದೊಡ್ಡ ಹಲಗೆ, ಚುರುಕಾದ ಕೈ, ಇಷ್ಟೇ ರಹಸ್ಯ.

ಗೌತಮನ ನ್ಯಾಯಶಾಸ್ತ್ರವು ಹದಿನಾರು ಪದಾರ್ಥಗಳನ್ನು ಎಣಿಸುವಾಗ ಸಂಶಯದ ಹಿಂದೆಯೇ ಪ್ರಯೋಜನವನ್ನು ಇಟ್ಟಿದೆ. ಈ ಕ್ರಮದಲ್ಲಿ ದೊಡ್ಡ ವಿವೇಕವಿದೆಯೆಂದು ನಾನು ಪಾಠ ಹೇಳುವಾಗಲೆಲ್ಲ ಹುಡುಗರಿಗೆ ಹೇಳುತ್ತಿದ್ದೆನು. ಕೊಳ್ಳಬೇಕೋ ಬಿಡಬೇಕೋ ಎಂಬ ಸಂಶಯ ಹುಟ್ಟಿದೊಡನೆ ಬೆಲೆಯನ್ನು ಕೇಳಕೂಡದು. ಏತಕ್ಕಾಗಿ ಎಂದು ಕೇಳಬೇಕು. ನಾನೂ ಮೊಮ್ಮಗನನ್ನು ಅದನ್ನೇ ಕೇಳಿದೆನು. “ತಾತ, ಜಿಟಿಎ ಆರನೆಯದು ಬರುತ್ತದೆ. ಅದು ಬಂದ ದಿನ ನನ್ನ ಕಾರ್ಡಿನಲ್ಲಿ ನಡೆಯುವುದಿಲ್ಲ. ಈಗಲೇ ಸಿದ್ಧವಾಗಿರಬೇಡವೆ?” ಎಂದನು. ಮಳೆಗಾಲಕ್ಕೆ ಮುಂಚೆ ಸೂರು ಹೊದಿಸುವ ಜಾಣತನ ಇದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಮಳೆಗಾಲವು ಪಂಚಾಂಗದಂತೆ ಬರುವುದು. ಆಟಗಳು ಹಾಗೆ ಬರುವುದಿಲ್ಲ.

ಈ ಆಟದ ಜಾತಕವನ್ನು ಹುಡುಗನ ಬಾಯಿಂದಲೇ ಕೇಳಿ ಬರೆದುಕೊಂಡೆನು. 2023ರ ಡಿಸೆಂಬರಿನಲ್ಲಿ ಅದರ ಮೊದಲ ಪ್ರಚಾರಚಿತ್ರ ಬಂದಾಗ 2025ರಲ್ಲಿ ಬಿಡುಗಡೆ ಎಂದರು. ಆಮೇಲೆ 2026ರ ಮೇ 26 ಎಂದರು. 2025ರ ನವೆಂಬರಿನಲ್ಲಿ ಅದನ್ನೂ ಮುಂದಕ್ಕೆ ಹಾಕಿ 2026ರ ನವೆಂಬರ್ 19 ಎಂದರು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಪ್ರಕಟನೆಗಳಲ್ಲಿ ಹೆಸರು ಕೊಟ್ಟಿದ್ದುದು ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಳಿಗೆ ಮಾತ್ರ. ನಮ್ಮ ಮನೆಯಲ್ಲಿರುವಂತಹ ಕಂಪ್ಯೂಟರಿನ ಮಾತೇ ಅಲ್ಲಿರಲಿಲ್ಲ. ಹಿಂದಿನ ನಡತೆಯನ್ನು ನೋಡಿದರೂ ಹೀಗೆಯೇ. ಇದೇ ಆಟದ ಐದನೆಯ ಭಾಗವು ಪೆಟ್ಟಿಗೆಗಳಿಗೆ ಬಂದುದು 2013ರ ಸೆಪ್ಟೆಂಬರಿನಲ್ಲಿ, ಕಂಪ್ಯೂಟರಿಗೆ ಬಂದುದು 2015ರ ಏಪ್ರಿಲಿನಲ್ಲಿ. ನಡುವೆ ಹತ್ತೊಂಬತ್ತು ತಿಂಗಳು. ಅದೇ ಸಂಸ್ಥೆಯ ರೆಡ್ ಡೆಡ್ ರಿಡೆಂಪ್ಷನ್ ಎರಡನೆಯದು ಪೆಟ್ಟಿಗೆಗಳಿಗೆ 2018ರ ಅಕ್ಟೋಬರಿನಲ್ಲಿಯೂ ಕಂಪ್ಯೂಟರಿಗೆ 2019ರ ನವೆಂಬರಿನಲ್ಲಿಯೂ ಬಂದಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂದು ನಮ್ಮವರು ನಗುತ್ತಾರೆ. ಇಲ್ಲಿ ಕೂಸು ಯಾರ ಮನೆಯಲ್ಲಿ ಹುಟ್ಟುತ್ತದೆಂಬುದೇ ನಿಶ್ಚಯವಾಗಿಲ್ಲ. ಅದರ ತಲೆಯ ಅಳತೆಯಂತೂ ಹೆತ್ತವರೇ ಹೇಳಿಲ್ಲ. ಆಟಕ್ಕೆ ಇಂತಿಂತಹ ಕಾರ್ಡು ಬೇಕೆಂಬ ಪಟ್ಟಿ ಪ್ರಕಟವಾಗುವ ಮುನ್ನ ಕೊಂಡ ಕಾರ್ಡು ಊಹೆಯ ಮೇಲೆ ಹೊಲಿಸಿದ ಕುಲಾವಿಯೇ ಸರಿ.

ಇನ್ನು ಹುಟ್ಟಿದ ಕೂಸಾದರೂ ಮೊದಲ ದಿನವೇ ನೆಟ್ಟಗಿರುವುದೆಂಬ ಭರವಸೆ ಉಂಟೆ? ಸೈಬರ್‌ಪಂಕ್ 2077 ಎಂಬ ಆಟವನ್ನು 2012ರಲ್ಲಿ ಘೋಷಿಸಿ, 2020ರ ಏಪ್ರಿಲ್ ಎಂದು ಗೊತ್ತುಮಾಡಿ, ಮೂರು ಸಲ ಮುಂದೂಡಿ, ಆ ವರ್ಷದ ಡಿಸೆಂಬರ್ 10ರಂದು ಬಿಟ್ಟರು. ಬಂದ ಆಟದಲ್ಲಿ ಎಷ್ಟು ದೋಷಗಳಿದ್ದುವೆಂದರೆ, ಸೋನಿ ಸಂಸ್ಥೆಯು ಒಂದೇ ವಾರದಲ್ಲಿ ಅದನ್ನು ತನ್ನ ಮಳಿಗೆಯಿಂದ ತೆಗೆದುಹಾಕಿ, 2021ರ ಜೂನಿನವರೆಗೆ ಮತ್ತೆ ಇಡಲಿಲ್ಲ. ತಿದ್ದುತ್ತ ತಿದ್ದುತ್ತ 2023ರ ಸೆಪ್ಟೆಂಬರಿನಲ್ಲಿ ದೊಡ್ಡ ಪರಿಷ್ಕರಣವಾದ ಮೇಲೆ ಅದು ಬಹು ಜನ ಮೆಚ್ಚುವ ಆಟವಾಯಿತು. ಮೊದಲ ದಿನಕ್ಕೆಂದು ಹೊಸ ಕಾರ್ಡು ಕೊಂಡವನ ಕಾರ್ಡು ಆ ಹೊತ್ತಿಗೆ ಮೂರು ವರ್ಷದ ಹಳೆಯದು. ತಾಳಿಕೊಂಡವನಿಗೆ ಹಸನಾದ ಆಟವೂ ಹೊಸ ಕಾರ್ಡೂ ಎರಡೂ ಸಿಕ್ಕಿದುವು. ಬರಲಿರುವ ಆಟವು ಕಾರ್ಡು ಕೊಳ್ಳಲು ಕಾರಣವಾಗದೆಂಬ ನನ್ನ ಮೊದಲ ತೀರ್ಪಿಗೆ ಇಷ್ಟು ದೃಷ್ಟಾಂತ ಸಾಕು.

ಹಾಗಾದರೆ ಕಾರಣವಾಗತಕ್ಕುದು ಯಾವುದು? ಇದಕ್ಕೆ ಉತ್ತರವನ್ನು ನನಗೆ ಹೇಳಿಕೊಟ್ಟುದು ನಮ್ಮೂರಿನ ರೈಲುದಾರಿ. ಮೈಸೂರಿನಿಂದ ಕಡಕೊಳ, ನಂಜನಗೂಡುಗಳ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿಯು ನನ್ನ ಬಾಲ್ಯದಲ್ಲಿ ಮೀಟರ್ ಗೇಜಿನದು. ಎರಡು ಕಂಬಿಗಳ ನಡುವೆ ಒಂದು ಮೀಟರು ಅಂತರ. ಗಾಡಿ ನಿಧಾನವೆಂದು ಎಲ್ಲರೂ ಗೊಣಗುತ್ತಿದ್ದರು. ಆದರೂ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಮದುವೆಗೆ ಒಂದು ಗಳಿಗೆ ತಡವಾದರೂ ತಲಪುತ್ತಿದ್ದರು. ಮುಂದೆ ಕಂಬಿ ಕಿತ್ತು 1676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು. ಅಂದಿನಿಂದ ಹಳೆಯ ಎಂಜಿನ್ನು ಎಷ್ಟೇ ಗಟ್ಟಿಮುಟ್ಟಾಗಿರಲಿ, ಎಷ್ಟೇ ಎಣ್ಣೆ ಕಂಡಿರಲಿ, ಈ ದಾರಿಯ ಮೇಲೆ ಒಂದು ಅಡಿಯೂ ಚಲಿಸಲಾರದು. ಅಂತಹ ಕೆಲವು ಎಂಜಿನ್ನುಗಳು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಬಣ್ಣ ಬಳಿಸಿಕೊಂಡು ಮಕ್ಕಳಿಗೆ ದರ್ಶನ ಕೊಡುತ್ತಿವೆ. ನಿಧಾನವೆಂಬುದು ಬೇರೆ, ಗೇಜು ತಪ್ಪುವುದು ಬೇರೆ. ನಿಧಾನಕ್ಕೆ ಉಪಾಯವುಂಟು, ಗೇಜಿಗೆ ಉಪಾಯವಿಲ್ಲ.

ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಇದೇ ಭೇದ. ಆಟವು ನಿಧಾನವಾದರೆ ಅದರೊಳಗಿನ ಸೆಟಿಂಗುಗಳನ್ನು ಇಳಿಸಬಹುದು: ನೆರಳನ್ನು ಮಂದಮಾಡಿ, ಹುಲ್ಲಿನ ಎಸಳನ್ನು ಕಡಮೆಮಾಡಿ, ದೂರದ ಬೆಟ್ಟವನ್ನು ಮಬ್ಬಾಗಿಸಬಹುದು. ಚಿತ್ರವನ್ನು ಚಿಕ್ಕದಾಗಿ ಬರೆದು ಹಿಗ್ಗಿಸಿ ತೋರಿಸುವ ಎಫ್‌ಎಸ್‌ಆರ್ ಎಂಬ ಯುಕ್ತಿಯೂ ಇದೆ. ಎಎಮ್‌ಡಿ ಸಂಸ್ಥೆಯ ಆ ಯುಕ್ತಿಯು ನಮ್ಮ 1650ರಂತಹ ಬಡ ಕಾರ್ಡಿನಲ್ಲಿಯೂ ನಡೆಯುತ್ತದೆ. ಗೇಜಿನ ಮಾತಿಗೆ ದೃಷ್ಟಾಂತವೆಂದರೆ ಬೆಳಕಿನ ಕಿರಣದ ಲೆಕ್ಕ. ಹಿಂದಿನ ಆಟಗಳಲ್ಲಿ ಬೆಳಕು ನೆರಳುಗಳನ್ನು ಚಿತ್ರಗಾರನ ಜಾಣ್ಮೆಯಿಂದ ಸುಮಾರಾಗಿ ಹಚ್ಚುತ್ತಿದ್ದರು. ರೇ ಟ್ರೇಸಿಂಗ್ ಎಂಬ ವಿಧಾನದಲ್ಲಿ ಒಂದೊಂದು ಕಿರಣವು ಎಲ್ಲಿ ತಗುಲಿ ಎತ್ತ ಚಿಮ್ಮಿತೆಂದು ಹಿಂಬಾಲಿಸಿ ಲೆಕ್ಕಮಾಡುತ್ತಾರೆ. ಎನ್‌ವಿಡಿಯಾದವರು ಅದಕ್ಕೆಂದೇ ಬೇರೆ ಲೆಕ್ಕಿಗರನ್ನು ಕೂಡಿಸಿದ ಆರ್‌ಟಿಎಕ್ಸ್ ಕಾರ್ಡುಗಳನ್ನು 2018ರಿಂದ ಮಾರುತ್ತ ಬಂದರು. ಬಹುಕಾಲ ಇದು ಊಟಕ್ಕೆ ಉಪ್ಪಿನಕಾಯಿಯಿದ್ದಂತೆ, ಬೇಕಾದವರು ಹಾಕಿಸಿಕೊಳ್ಳುವ ಪದಾರ್ಥವಾಗಿದ್ದಿತು. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್ ಎಂಬ ಆಟವು ಇದನ್ನೇ ಅನ್ನವಾಗಿ ಮಾಡಿತು. ಆರ್‌ಟಿಎಕ್ಸ್ 2060 ಸೂಪರ್, ಇಲ್ಲವೆ ಅದಕ್ಕೆ ಸಮನಾದ, ಎಂಟು ಗಿಗಾಬೈಟ್ ನೆನಪುಳ್ಳ ಕಾರ್ಡು ಕನಿಷ್ಠಪಕ್ಷ ಬೇಕೆಂದು ಅದರ ನಿಬಂಧನೆ. 2025ರ ಮೇ ತಿಂಗಳ ಡೂಮ್: ದಿ ಡಾರ್ಕ್ ಏಜಸ್ ಎಂಬ ಆಟವೂ ಹಾಗೆಯೇ. ನಾಲ್ಕು ಗಿಗಾಬೈಟಿನ ನಮ್ಮ 1650ಕ್ಕೆ ಕಿರಣದ ಲೆಕ್ಕಿಗರೇ ಇಲ್ಲ. ಸೆಟಿಂಗನ್ನು ಪಾತಾಳಕ್ಕೆ ಇಳಿಸಿದರೂ ಬಾಗಿಲು ತೆರೆಯುವಂತಿಲ್ಲ.

ಈ ಮಾತು ಬಂದಾಗ ಹುಡುಗನ ಮುಖ ಅರಳಿತು. ಇಂಡಿಯಾನಾ ಜೋನ್ಸಿನ ಆಟವನ್ನು ಆಡಬೇಕೆಂದು ಅವನು ಒಂದು ವರ್ಷದಿಂದ ಹಂಬಲಿಸುತ್ತಿದ್ದನಂತೆ. ದೊಡ್ಡ ಹೆಸರಿನ ಆಟವನ್ನು ಮುಂದೆ ಮಾಡಿದರೆ ದಾವೆ ಗಟ್ಟಿಯಾಗುವುದೆಂದು ಎಣಿಸಿ, ನಿಜವಾದ ಕಾರಣವನ್ನು ಹಿಂದೆ ಬಚ್ಚಿಟ್ಟಿದ್ದನು. ಎಳೆಯರು ಮಾತ್ರವೇ ಅಲ್ಲ, ಬೆಳೆದವರೂ ಹೀಗೆ ಮಾಡುವುದುಂಟು. ಅವನಿಂದ ಒಂದು ಪಟ್ಟಿ ಬರೆಯಿಸಿದೆನು: ಇಂದು ಅಂಗಡಿಯಲ್ಲಿರುವ, ನೀನು ನಿಜವಾಗಿ ಆಡಬೇಕೆನ್ನುವ ಆಟಗಳು ಯಾವುವು? ಹನ್ನೊಂದಾದುವು. ಅವುಗಳ ಎದುರಿಗೆ ‘ನಡೆಯುತ್ತದೆ’, ‘ಇಳಿಸಿದರೆ ನಡೆಯುತ್ತದೆ’, ‘ನಡೆಯುವುದಿಲ್ಲ’ ಎಂದು ಮೂರು ಕಟ್ಟಂಕಣ. ಒಂಬತ್ತು ಮೊದಲೆರಡರಲ್ಲಿ ನಿಂತುವು, ಎರಡು ಮೂರನೆಯದರಲ್ಲಿ. ಅವಶ್ಯಕತೆಯುಂಟೆಂದು ನಾನು ಒಪ್ಪಿದೆನು. ಆದರೆ ಅದರ ಗಾತ್ರ ಎರಡು ಆಟದಷ್ಟು, ಹನ್ನೊಂದರಷ್ಟಲ್ಲ ಎಂಬುದು ಪಟ್ಟಿಯನ್ನು ನೋಡಿ ಅವನಿಗೂ ತಿಳಿಯಿತು.

ಮುಂದೆ, ಎಷ್ಟು ದೊಡ್ಡ ಕಾರ್ಡು ಎಂಬ ವಿಚಾರ. ಇದರಲ್ಲಿ ನನ್ನ ಮಗನ ‘ಒಮ್ಮೆಗೇ ದೊಡ್ಡದು’ ಎಂಬ ವಾದ ನಿಲ್ಲಲಿಲ್ಲ. ನಮ್ಮ ಪರದೆಯು ಸೆಕೆಂಡಿಗೆ ಅರವತ್ತು ಚಿತ್ರಗಳನ್ನು ಮಾತ್ರ ತೋರಿಸಬಲ್ಲದು. ಇನ್ನೂರು ಚಿತ್ರ ಬರೆಯಬಲ್ಲ ಕಾರ್ಡನ್ನು ತಂದರೆ ಅರವತ್ತು ಎಲೆಯ ಪಂಕ್ತಿಗೆ ಇನ್ನೂರು ಮಂದಿಯ ಅಡಿಗೆ ಮಾಡಿಸಿದಂತಾಗುತ್ತದೆ. 3840ಕ್ಕೆ 2160 ಚುಕ್ಕೆಗಳ ದೊಡ್ಡ ಪರದೆಯಾದರೆ ಕೆಲಸ ನಾಲ್ಕು ಪಾಲಾಗುತ್ತದೆ. ಅದಿಲ್ಲದ ಮನೆಗೆ ಅದರ ಕಾರ್ಡೇಕೆ? ಎರಡನೆಯದಾಗಿ, ಕಾರ್ಡು ಒಂಟಿಯಾಗಿ ಬರುವ ಅತಿಥಿಯಲ್ಲ. ನಮ್ಮ 1650ಕ್ಕೆ 75 ವ್ಯಾಟು ಸಾಕು, ಆಧಾರಫಲಕದಿಂದಲೇ ಕುಡಿಯುತ್ತದೆ. 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060ಕ್ಕೆ 145 ವ್ಯಾಟು ಬೇಕು. ಬೇರೆ ತಂತಿ ಬೇಕು. ಕಂಪ್ಯೂಟರಿಗೆ ಒಟ್ಟು 550 ವ್ಯಾಟಿನ ಪವರ್ ಸಪ್ಲೈ ಇರಲೆಂದು ತಯಾರಕರ ಸಲಹೆ. ನಮ್ಮದು 400ರದು. ಆದುದರಿಂದ ಕಾರ್ಡಿನ ಬೆಲೆಯೆಂದರೆ ಕಾರ್ಡಿನ ಬೆಲೆಯಷ್ಟೇ ಅಲ್ಲ. ಮೂರನೆಯದಾಗಿ, ಆರು ವರ್ಷ ಇಟ್ಟುಕೊಳ್ಳುವವನು ವೇಗಕ್ಕಿಂತ ನೆನಪಿನ ಅಳತೆಯನ್ನು ನೋಡಬೇಕು. ಹಲಗೆ ಚಿಕ್ಕದಾದರೆ ಲೆಕ್ಕಿಗರು ಎಷ್ಟು ಚುರುಕಾದರೂ ಬರೆದುದನ್ನು ಅಳಿಸಿ ಅಳಿಸಿ ಕಾಲ ಕಳೆಯುತ್ತಾರೆ. ಎಂಟು ಗಿಗಾಬೈಟು ಇಂದಿನ ಕೆಲವು ಆಟಗಳಿಗೇ ಬಿಗಿಯಾಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಕಾಯುವುದು ಯಾವಾಗಲೂ ಲಾಭವೆಂದು ತಿಳಿಯಕೂಡದು. ಯಂತ್ರಗಳು ದಿನ ಹೋದಂತೆ ಅಗ್ಗವಾಗುವುವೆಂಬ ನಂಬಿಕೆಯು ಎರಡು ಸಲ ಪೆಟ್ಟು ತಿಂದಿದೆ. 2020ರ ಕೊನೆಯಿಂದ ಸುಮಾರು ಎರಡು ವರ್ಷ ಚಿಪ್ಪುಗಳ ಅಭಾವವೂ, ಈಥೀರಿಯಂ ಮುಂತಾದ ಡಿಜಿಟಲ್ ನಾಣ್ಯಗಳನ್ನು ಕಾರ್ಡುಗಳಿಂದ ಗಣಿಮಾಡುವವರ ಹಾವಳಿಯೂ ಸೇರಿ, ಕಾರ್ಡುಗಳು ಅಚ್ಚಾದ ಬೆಲೆಯ ಇಮ್ಮಡಿಗೆ ಮಾರಿದುವು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿಯನ್ನೇ ಬದಲಾಯಿಸಿ ಅಂತಹ ಗಣಿಗಾರಿಕೆಯನ್ನು ಕೈಬಿಟ್ಟಿತು. 2025ರ ಕೊನೆಯ ತಿಂಗಳುಗಳಲ್ಲಿ ಮತ್ತೊಂದು ಬರ ಬಂದಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ನೆನಪಿನ ಚಿಪ್ಪುಗಳನ್ನು ಸಗಟಾಗಿ ಕೊಂಡುಕೊಂಡುದರಿಂದ ಮನೆಮಂದಿಯ ಪಾಲು ತುಟ್ಟಿಯಾಯಿತು. ಮೈಕ್ರಾನ್ ಸಂಸ್ಥೆಯು ಕ್ರೂಷಿಯಲ್ ಎಂಬ ಹೆಸರಿನ ಮನೆಬಳಕೆಯ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಅಲ್ಲದೆ ಕಾಯುವುದರಲ್ಲಿಯೂ ಒಂದು ಲೋಭವಿದೆ. ಇದಕ್ಕಿಂತ ಮುಂದಿನದು ಚೆನ್ನಾಗಿರುತ್ತದೆ, ಅದಕ್ಕಿಂತ ಅದರ ಮುಂದಿನದು ಎಂದು ಹೆಣ್ಣು ನೋಡುತ್ತಲೇ ತಲೆ ನರೆಸಿಕೊಂಡ ವರನಂತೆ ಆಗುವವರೂ ಉಂಟು. ಆದುದರಿಂದ ಕೊಳ್ಳಲು ಕಾರಣವಿರಬೇಕಾದಂತೆ, ಕಾಯಲು ಗಡುವೂ ಇರಬೇಕು.

ಅಜ್ಜಿಯ ಆಕ್ಷೇಪಣೆಗೂ ಉತ್ತರ ಕೊಡಬೇಕಾಗಿದ್ದಿತು. ಆಟಕ್ಕೆ ಇಷ್ಟು ಗಂಭೀರವಾದ ವಿಚಾರವೇ? ಮೈಸೂರಿನವರು ಈ ಪ್ರಶ್ನೆಯನ್ನು ಕೇಳುವುದು ಸೋಜಿಗ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟಿದ್ದಾರೆ. ಛದ ಎಂಬ ಹೆಸರಿನ ಗಂಜೀಫದ ಆಟಗಳನ್ನು ಅವರೇ ಕಲ್ಪಿಸಿದರು. ಅವುಗಳಲ್ಲಿ ದೊಡ್ಡದಕ್ಕೆ ಹದಿನೆಂಟು ರಂಗು, 360 ಎಲೆಗಳು. ಅರಸನು ಆಟವನ್ನು ಬುದ್ಧಿಯ ವ್ಯಾಯಾಮವೆಂದು ಗೌರವಿಸಿದ ಊರು ನಮ್ಮದು. ಆದರೆ ಅದೇ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. 360 ಎಲೆಯ ಕಟ್ಟು ಅರಮನೆಯ ಆಚೆಗೆ ಹೆಚ್ಚಾಗಿ ಹರಡಲಿಲ್ಲ. ಚೌಕಾಬಾರವೂ ಅಳಗುಳಿ ಮಣೆಯೂ ಕವಡೆ, ಹುಣಿಸೆಬೀಜ, ಸೀಮೆಸುಣ್ಣಗಳ ಮೇಲೆಯೇ ಜಗಲಿಯಿಂದ ಜಗಲಿಗೆ ಬಾಳಿದುವು. ಆಟದ ಸೊಗಸು ಉಪಕರಣದ ಗಾತ್ರದೊಡನೆ ಬೆಳೆಯುವುದಿಲ್ಲ. ಒಂಬತ್ತು ಆಟಗಳನ್ನು ಇಳಿಸಿದ ಸೆಟಿಂಗಿನಲ್ಲಿ ಆಡಿ ನಲಿಯುತ್ತಿದ್ದ ಹುಡುಗನೇ ಇದಕ್ಕೆ ಸಾಕ್ಷಿ.

ಉಳಿದುದು ಹಣದ ಮಾತು. ನಾವು ವಿಚಾರಿಸಿದ ಅಂಗಡಿಯಲ್ಲಿ ಕಾರ್ಡಿಗೆ 31,000, ಪವರ್ ಸಪ್ಲೈಗೆ 4,000 ರೂಪಾಯಿ ಹೇಳಿದರು. ನೆರೆಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಹುಡುಗನು ಕೂಡಿಟ್ಟುದು 22,000. ಕೊರತೆ 13,000. ಬಡ್ಡಿಯಿಲ್ಲದ ಕಂತು ಕೊಡುತ್ತೇವೆಂದು ಅಂಗಡಿಯವನು ಮುಂದೆ ಬಂದನು. ಆಡುವುದಕ್ಕಾಗಿ ಸಾಲ ಮಾಡುವುದು ನನಗೆ ಸಮ್ಮತವಲ್ಲ. ಧರ್ಮರಾಯನಿಗೆ ದ್ಯೂತದಲ್ಲಿ ಕೇಡು ಬಂದುದು ಆಡಿದ್ದರಿಂದ ಎಷ್ಟೋ, ಕೈಯಲ್ಲಿಲ್ಲದ ಮೇಲೂ ಪಣ ಒಡ್ಡುತ್ತ ಹೋದುದರಿಂದ ಅದಕ್ಕಿಂತ ಹೆಚ್ಚು. ನನ್ನ ಬಳಿ ಬೇರೆ ತೆಗೆದಿರಿಸಿದ ಸ್ವಲ್ಪ ಹಣವಿದ್ದಿತು. ಎಡಗಣ್ಣಿನ ಪೊರೆ ತೆಗೆಸುವುದಕ್ಕೆಂದು ಇಟ್ಟದ್ದು. ಕಣ್ಣಿಗೆ ಅವಸರವಿಲ್ಲ, ಇದರಲ್ಲಿ ಹದಿಮೂರು ಸಾವಿರ ತೆಗೆದುಕೋ ಎಂದೆನು.

ಹುಡುಗನು ಒಪ್ಪಲಿಲ್ಲ. ಸುಮ್ಮನೆ ಬೇಡವೆಂದಿದ್ದರೆ ನಾನು ಬಲವಂತ ಮಾಡುತ್ತಿದ್ದೆನೇನೋ. ಅವನು ನನ್ನ ಶಾಸ್ತ್ರವನ್ನೇ ನನ್ನ ಮೇಲೆ ಪ್ರಯೋಗಿಸಿದನು. “ತಾತ, ವೈದ್ಯರು ನಿಮಗೆ ಏನು ಹೇಳಿದರು?” ಎಂದನು. ಹಿಂದೆ ಪೊರೆ ಬಲಿಯಲಿ, ಹಣ್ಣಾಗಲಿ ಎಂದು ಕಾಯಿಸುತ್ತಿದ್ದರು. ಈಗಿನ ವೈದ್ಯರು ಹಾಗೆನ್ನುವುದಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾದಾಗ ತೆಗೆಸಿಕೊಳ್ಳಿ ಎನ್ನುತ್ತಾರೆ. “ಮೊದಲು ದೀಪ ಹೆಚ್ಚಿಸಿದಿರಿ, ಆಮೇಲೆ ಕನ್ನಡಕ ಬದಲಾಯಿಸಿದಿರಿ, ಆಮೇಲೆ ದಪ್ಪ ಅಕ್ಷರದ ಪುಸ್ತಕ ತರಿಸಿದಿರಿ. ಇಳಿಸಬೇಕಾದ ಸೆಟಿಂಗುಗಳನ್ನೆಲ್ಲ ಇಳಿಸಿ ಆಯಿತಲ್ಲ? ನಿಮ್ಮ ಹಳೆಯ ಗ್ರಂಥಗಳ ಸಣ್ಣ ಅಕ್ಷರ ಈಗ ಓದಲು ಆಗುವುದೇ ಇಲ್ಲ. ಅಲ್ಲಿ ಗೇಜು ತಪ್ಪಿದೆ ತಾತ. ನನ್ನದು ಎರಡು ಆಟ. ನಿಮ್ಮದು ಇಡೀ ಕಪಾಟು.” ಮೇಷ್ಟರಿಗೆ ಶಿಷ್ಯನು ಹೀಗೆ ಉತ್ತರ ಕೊಟ್ಟಾಗ ಆಗುವ ಸಂತೋಷವನ್ನು ಮೇಷ್ಟರಾಗಿದ್ದವರೇ ಬಲ್ಲರು. ಜನವರಿಯಲ್ಲಿ ಕಣ್ಣಿನ ಚಿಕಿತ್ಸೆ ಆಯಿತು. ಈ ಲೇಖನವನ್ನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯದೆ ಬರೆಯುತ್ತಿದ್ದೇನೆ.

ಕಾರ್ಡಿನ ವಿಷಯದಲ್ಲಿ ಆದ ನಿರ್ಣಯ ಹೀಗೆ. ಬರಲಿರುವ ಆಟಕ್ಕಾಗಿ ಕೊಳ್ಳತಕ್ಕುದಲ್ಲ. ಬಂದಿರುವ, ಬಾಗಿಲು ಮುಚ್ಚಿರುವ ಎರಡು ಆಟಗಳಿಗಾಗಿ ಕೊಳ್ಳಬಹುದು. ಸಾಲವಿಲ್ಲದೆ ಹಣ ಕೂಡಿದ ದಿನವೇ ಕೊಳ್ಳುವ ದಿನ. ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ಅದರ ಕೊನೆಯ ಗಡುವು. ಅಷ್ಟರಲ್ಲಿ ಕೂಡದಿದ್ದರೆ, ಕೂಡಿದಷ್ಟರಲ್ಲಿ ಬರುವ, ಗೇಜು ಹೊಂದುವ ಚಿಕ್ಕ ಕಾರ್ಡನ್ನು ತರುವುದು. ಪವರ್ ಸಪ್ಲೈಯನ್ನೂ ಲೆಕ್ಕಕ್ಕೆ ಸೇರಿಸುವುದು. ತಂದ ಮೇಲೆ ಒಂದು ವರ್ಷ ಕಾರ್ಡುಗಳ ಬೆಲೆಯನ್ನಾಗಲಿ ಹೊಸ ಕಾರ್ಡಿನ ವರ್ತಮಾನವನ್ನಾಗಲಿ ನೋಡಕೂಡದು. ಈ ಕೊನೆಯ ಷರತ್ತು ಹುಡುಗನಿಗೆ ಎಲ್ಲಕ್ಕಿಂತ ಕಠಿಣವೆನಿಸಿತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದುದೂ ಅದೇ.

ಶಾಸ್ತ್ರದಲ್ಲಿ ಯೋಗವೆಂದೂ ಕ್ಷೇಮವೆಂದೂ ಎರಡು ಮಾತುಗಳುಂಟು. ಇಲ್ಲದುದನ್ನು ಪಡೆಯುವುದು ಯೋಗ; ಪಡೆದುದನ್ನು ಕಾಪಾಡಿ ಅನುಭವಿಸುವುದು ಕ್ಷೇಮ. ಈ ಕಾಲದ ವ್ಯಾಪಾರವು ಯೋಗವನ್ನು ಮಾತ್ರ ಹೊಗಳುತ್ತದೆ. ಕ್ಷೇಮದಿಂದ ಅದಕ್ಕೆ ವರಮಾನವಿಲ್ಲ. ಮನೆಯೊಳಗೆ ಇವೆರಡರ ತೂಕ ಸಮನಾಗಿರಬೇಕೆಂದು ನೋಡುವ ಕೆಲಸ ಹಿರಿಯರಿಗೆ ಉಳಿದಿದೆ. ಮಕ್ಕಳ ಆಸೆಯನ್ನು ಅಲ್ಲಗಳೆಯಬೇಕಾಗಿಲ್ಲ. ಅದರ ಹೆಸರೇನು, ಅಳತೆಯೇನು ಎಂದು ಕೇಳಿದರೆ ಸಾಕು. ಹೆಸರಿಲ್ಲದ ಆಸೆಗೆ ಎಷ್ಟು ಹಣ ಸುರಿದರೂ ತುಂಬುವುದಿಲ್ಲ. ಹೆಸರು ಹೇಳಿ ಅಳತೆ ಕೊಟ್ಟ ಆಸೆಯು ಬಹುಮಟ್ಟಿಗೆ ನಮ್ಮ ಕೈಗೆ ನಿಲುಕುವಷ್ಟೇ ಇರುತ್ತದೆ. ಕುಲಾವಿ ಹೊಲಿಸುವುದೇನೂ ತಪ್ಪಲ್ಲ. ಕೂಸು ತೊಟ್ಟಿಲಲ್ಲಿರಲಿ, ತಲೆಯ ಅಳತೆ ತಿಳಿದಿರಲಿ. ಅಷ್ಟಾದ ಮೇಲೆ ತಡಮಾಡಿ ಕೂಸನ್ನು ಚಳಿಯಲ್ಲಿ ಮಲಗಿಸುವುದೂ ಬೇಡ.